ಎತ್ತಿನ ಸೋಮವಾರ, ಗಿರಣಿಯ ಭಾನುವಾರ ಮತ್ತು ಮೇ ದಿನ

1

ಕರ್ನಾಟಕದ ಬಹುಭಾಗದ ರೈತಾಪಿ ಕುಟುಂಬಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವ ಪದ್ಧತಿ ಇರಲಿಲ್ಲ. ಸೋಮವಾರ ಶಿವನ ವಾರ. ಎತ್ತು ಶಿವನ ವಾಹನವಾದ ಬಸವಣ್ಣ. ಆದುದರಿಂದ ಅಂದು ಅವನಿಗೆ ಬಿಡುವು ಎಂಬುದು ಜನಪದರು ನೀಡುವ ವಿವರಣೆ. ಬಿತ್ತನೆಯ ಹದ ಕೈತಪ್ಪುವ ಆತಂಕವಿದ್ದಾಗಲೂ ಈ ಕಟ್ಟಳೆಯನ್ನು ಮೀರಲು ಹಿಂಜರಿಯುತ್ತಿದ್ದ ಹಿರಿಯರನ್ನು ನನ್ನ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ. ಬಿಡುವು ಎತ್ತಿಗೆ ಮಾತ್ರ. ಆ ಎತ್ತನ್ನು ಹೂಡುವ ಆಳು ಸೋಮವಾರ ಕೊಟ್ಟಿಗೆಯ ಗೊಬ್ಬರ ಎತ್ತಿ ತಿಪ್ಪೆಗೆ ಹಾಕುತ್ತಿದ್ದ, ಹಗ್ಗ ಹೊಸೆಯುತ್ತಿದ್ದ, ಬೇಲಿ ಬಿಗಿಮಾಡುತ್ತಿದ್ದ, ಸೌದೆ ಒಡೆಯುತ್ತಿದ್ದ. ಬಿಡುವಿನಲ್ಲಿದ್ದ ಎತ್ತನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುವ ಕೆಲಸವೂ ಅವನದೇ ಆಗಿತ್ತು.

ಈ ಒಂದು ಸಂಗತಿಯಿಂದ ಮೇ 1ರ ಕಾರ್ಮಿಕ ದಿನಾಚರಣೆಯನ್ನು ಕುರಿತ ಲೇಖನವನ್ನು ಆರಂಭಿಸುವುದು ವಿಚಿತ್ರವೆನಿಸಬಹುದು. ಮೇ ದಿನದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಚಿಕಾಗೋದಿಂದ ಹೊರಟು ಮದರಾಸನ್ನು ತಲುಪಿ ಅಲ್ಲಿಂದ ಕಾರ್ಖಾನೆಯ ಬಾಗಿಲಿಗೆ ಬರುತ್ತಾರೆ. ಆ ದಾರಿ ತಪ್ಪೇನಲ್ಲ. ಆದರೆ ಹೊರಗಿನಿಂದ ಬಂದ ಈ ದಿನವು ಬಂದು ನಿಂತ ನೆಲದಲ್ಲಿ ಬಿಡುವಿನ ಬಗೆಗೆ ಮೊದಲೇ ಒಂದು ವ್ಯವಸ್ಥೆಯಿತ್ತು. ಯಾರಿಗೆ, ಯಾವಾಗ, ಯಾರ ಹೆಸರಿನಲ್ಲಿ ಬಿಡುವು ದೊರೆಯಬೇಕು ಎಂಬ ಸ್ಪಷ್ಟ ಕಟ್ಟಳೆಗಳಿದ್ದವು. ಆ ಕಟ್ಟಳೆಗಳ ಎದುರಿನಲ್ಲಿಟ್ಟು ನೋಡಿದಾಗ ಮಾತ್ರ ಮೇ ದಿನ ನಮ್ಮಲ್ಲಿ ಏನನ್ನು ಹೊಸದಾಗಿ ಹೇಳಿತು, ಮುಂದೆ ಸರಕಾರಿ ರಜೆಯಾದಾಗ ಅದಕ್ಕೆ ಏನಾಯಿತು ಎಂಬುದು ಗೋಚರಿಸುತ್ತದೆ ಎಂಬುದು ಪ್ರಸ್ತುತ ಲೇಖನದ ಗ್ರಹಿಕೆ.

2

ನಮ್ಮ ಜನಪದ ಪಂಚಾಂಗದಲ್ಲಿ ದುಡಿಮೆ ನಿಲ್ಲುವ ದಿನಗಳು ಕಡಿಮೆಯೇನಿಲ್ಲ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಗೆಜ್ಜೆಸರ ಕಟ್ಟಿ, ಊರ ಅಗಸೆಯಲ್ಲಿ ಕರಿ ಹರಿಯುತ್ತಾರೆ. ಮುಂದೆ ಹಾಯ್ದ ಎತ್ತಿನ ಬಣ್ಣವನ್ನು ನೋಡಿ ಆ ವರ್ಷ ಯಾವ ಬೆಳೆ ಕೈಹಿಡಿಯುತ್ತದೆಂದು ಊಹಿಸುತ್ತಾರೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಜೀವಂತ ಎತ್ತಿಲ್ಲದ ಬಡವನ ಮನೆಯಲ್ಲಿಯೂ ಅಂದು ಮಣ್ಣಿನ ಎತ್ತಿಗೆ ಪೂಜೆ ಸಲ್ಲುತ್ತದೆ. ತುಳುನಾಡಿನಲ್ಲಿ ಮಕರಮಾಸದ ಕೊನೆಗೆ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆಂಬ ನಂಬಿಕೆಯಿದ್ದು, ಆ ದಿನಗಳಲ್ಲಿ ನೆಲವನ್ನು ಉಳುವಂತಿಲ್ಲ, ಅಗೆಯುವಂತಿಲ್ಲ. ಮಹಾನವಮಿಯ ಆಯುಧಪೂಜೆಯಂದು ಕುಡುಗೋಲು, ಕೊಡಲಿ, ಉಳಿ, ಬಾಚಿ, ಮಗ್ಗ, ತಕ್ಕಡಿಗಳಿಗೆ ವಿಭೂತಿ ಕುಂಕುಮ ಹಚ್ಚಿ ಒಂದು ಕಡೆ ಇಡುತ್ತಾರೆ. ಬಡಗಿ, ಕಮ್ಮಾರ, ಗಾರೆಕೆಲಸದವರು ಮತ್ತು ನೇಕಾರರಲ್ಲಿ ಅಮಾವಾಸ್ಯೆಯಂದು ಕೆಲಸ ನಿಲ್ಲಿಸುವ ರೂಢಿ ವ್ಯಾಪಕವಾಗಿದೆ. ಕಟ್ಟಡ ಕಟ್ಟಿಸುವ ಪಟ್ಟಣದ ಮಾಲಿಕರು ಈಗಲೂ ತಿಂಗಳಿಗೊಮ್ಮೆ ಇದರ ಅನುಭವ ಪಡೆಯುತ್ತಾರೆ.

ಈ ದಿನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಬಿಡುವು ಎತ್ತಿಗೆ ಇದೆ, ನೆಲಕ್ಕೆ ಇದೆ, ಉಪಕರಣಕ್ಕೆ ಇದೆ. ದುಡಿಯುವ ಮನುಷ್ಯನಿಗೆ ಅವನ ಹೆಸರಿನಲ್ಲಿಯೇ ಮೀಸಲಾದ ದಿನವಿಲ್ಲ. ಎತ್ತು ನಿಂತರೆ ನೇಗಿಲು ಹಿಡಿದವನು ನಿಲ್ಲುತ್ತಾನೆ, ಮಗ್ಗ ನಿಂತರೆ ನೇಕಾರನಿಗೆ ಉಸಿರಾಡಲು ಆಗುತ್ತದೆ. ಅವನ ವಿಶ್ರಾಂತಿಯು ಬೇರೊಂದರ ವಿಶ್ರಾಂತಿಯ ನೆರಳಿನಲ್ಲಿ ದೊರೆಯುವಂಥದು. ಇದನ್ನು ಜನಪದರ ಸೂಕ್ಷ್ಮತೆ, ಮೂಕಪ್ರಾಣಿಯ ಮೇಲಿನ ಕರುಣೆ, ನಿಸರ್ಗದೊಂದಿಗಿನ ಸಾಮರಸ್ಯ ಎಂದು ನಮ್ಮ ವಿದ್ವಾಂಸರು ಬಣ್ಣಿಸಿದ್ದಾರೆ. ಅದೆಲ್ಲವೂ ನಿಜವೇ. ಆದರೆ ಎತ್ತು ಒಕ್ಕಲಿಗನ ಸೊತ್ತು ಎಂಬುದನ್ನೂ ಇಲ್ಲಿ ಮರೆಯಬಾರದು. ವಾರಕ್ಕೊಂದು ದಿನ ದಣಿವಾರಿಸಿಕೊಳ್ಳದ ಎತ್ತು ಬೇಗ ಕೈಕೊಡುತ್ತದೆ. ಹೊಸ ಜೋಡಿಗೆ ಜಾತ್ರೆಯಲ್ಲಿ ಹಣ ಎಣಿಸಬೇಕಾಗುತ್ತದೆ. ಜೀತದಾಳಿನ ಮಟ್ಟಿಗೆ ಅಂಥ ಖರ್ಚು ಇರಲಿಲ್ಲ. ಯುಗಾದಿಯಿಂದ ಯುಗಾದಿಗೆ ಮಾತಾಗುತ್ತಿದ್ದ ಜೀತದ ಕರಾರಿನಲ್ಲಿ ಕಾಳು, ಕಂಬಳಿ, ಚಪ್ಪಲಿ, ಪಡೆದ ಸಾಲ ಎಲ್ಲವೂ ಬರುತ್ತಿದ್ದವು. ವಾರದ ಬಿಡುವು ಬರುತ್ತಿರಲಿಲ್ಲ. 1976ರ ಜೀತಪದ್ಧತಿ ರದ್ಧತಿ ಕಾಯ್ದೆಯವರೆಗೆ ಈ ಕರಾರನ್ನು ಪ್ರಶ್ನಿಸುವ ಕಾನೂನಿನ ದಾರಿಯೂ ಸುಲಭವಾಗಿರಲಿಲ್ಲ.

ಹೆಣ್ಣಿನ ದುಡಿಮೆಯ ವಿಷಯದಲ್ಲಂತೂ ಈ ಪಂಚಾಂಗ ಇನ್ನಷ್ಟು ಕಠಿಣ. ಗಂಡಸಿನ ಕೆಲಸ ನಿಲ್ಲುವ ಹಬ್ಬದ ದಿನವೇ ಹೆಂಗಸಿನ ಕೆಲಸ ಇಮ್ಮಡಿಯಾಗುತ್ತದೆ. ಎಳ್ಳಮಾವಾಸ್ಯೆಯ ಚರಗಕ್ಕೆ ಹಿಂದಿನ ಎರಡು ದಿನ ಸಜ್ಜೆಯ ಕಡುಬು, ರೊಟ್ಟಿ, ಪಲ್ಯಗಳ ತಯಾರಿ ನಡೆಯಬೇಕು. ಹಬ್ಬದೂಟಕ್ಕೆ ಹೂರಣ ರುಬ್ಬಬೇಕು. ಒರಳು, ಬೀಸುಕಲ್ಲು, ಒನಕೆಗಳಿಗೂ ಪೂಜೆಯುಂಟು. ಆದರೆ ಅವು ಎತ್ತಿನಂತೆ ವಾರಕ್ಕೊಮ್ಮೆ ನಿಂತುದನ್ನು ನಾನು ಎಲ್ಲಿಯೂ ದಾಖಲಿಸಿಕೊಂಡಿಲ್ಲ. ಉತ್ತರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣಿಗೆ ನಿಜವಾದ ರಜೆಯೆಂದರೆ ಶ್ರಾವಣದ ನಾಗರಪಂಚಮಿ. ಅಣ್ಣ ಕರೆಯಲು ಬರಬೇಕು, ಅವಳು ತವರಿಗೆ ಹೋಗಬೇಕು, ಅಲ್ಲಿ ಜೋಕಾಲಿ ಕಟ್ಟಿರಬೇಕು. ಅಳ್ಳು, ತಂಬಿಟ್ಟು, ಶೇಂಗಾದ ಉಂಡಿ ತಿನ್ನುತ್ತ ಗೆಳತಿಯರೊಂದಿಗೆ ಜೀಕುವ ಆ ನಾಲ್ಕು ದಿನ ಅವಳು ಸೊಸೆಯಲ್ಲ, ಮಗಳು. ಬಿಡುವು ಸಿಗಬೇಕಾದರೆ ಅವಳು ಮನೆಯನ್ನೇ ಬದಲಿಸಬೇಕಾಗಿತ್ತು. ಪಂಚಮಿಗೆ ಕರೆಯಲು ಯಾರೂ ಬಾರದ ಹೆಣ್ಣಿನ ದುಃಖ ನಮ್ಮ ಹಾಡುಗಳಲ್ಲಿ ಏಕೆ ಅಷ್ಟು ತೀವ್ರವಾಗಿದೆ ಎಂಬುದನ್ನು ತವರಿನ ಮಮತೆಯಿಂದ ಮಾತ್ರ ವಿವರಿಸಿ ನಾವು ತೃಪ್ತರಾಗಿದ್ದೇವೆ. ಆ ದುಃಖದಲ್ಲಿ ಕಳೆದುಹೋದ ರಜೆಯ ನೋವೂ ಇದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಡಾಕ್ಟರೇಟ್ ಅಧ್ಯಯನದ ಕ್ಷೇತ್ರಕಾರ್ಯಕ್ಕೆ ನಾನು ಸಿದ್ಧಪಡಿಸಿಕೊಂಡಿದ್ದ ನಮೂನೆಯಲ್ಲಿ ವಕ್ತೃವಿನ ಹೆಸರು, ವಯಸ್ಸು, ಕಸುಬು ಎಂಬ ಕಲಮುಗಳಿದ್ದವು. ನಸುಕಿನಲ್ಲಿ ಬೀಸಿ, ಹಗಲು ಕೂಲಿಗೆ ಹೋಗಿ, ಸಂಜೆ ನೀರು ಹೊತ್ತು, ರಾತ್ರಿ ಒಲೆಯ ಮುಂದೆ ಕೂತು ನನಗೆ ಹಾಡು ಹೇಳಿದ ಹತ್ತಾರು ತಾಯಂದಿರ ಕಸುಬಿನ ಕಲಮಿನಲ್ಲಿ ನಾನು ಬರೆದುದು ‘ಮನೆಗೆಲಸ’. ಅವರ ಹಾಡುಗಳನ್ನು ‘ಶ್ರಮಪರಿಹಾರದ ಹಾಡುಗಳು’ ಎಂಬ ಅಧ್ಯಾಯದಲ್ಲಿ ವರ್ಗೀಕರಿಸಿದೆ. ದಣಿವನ್ನು ಮರೆಯಲು ಜನಪದರು ಹಾಡುತ್ತಾರೆ ಎಂಬ ವಾಕ್ಯ ನನ್ನ ಪ್ರಬಂಧದಲ್ಲಿದೆ. ನನಗಿಂತ ಹಿಂದಿನ, ಮುಂದಿನ ಹಲವು ಪ್ರಬಂಧಗಳಲ್ಲಿಯೂ ಇದೆ. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದಂದಿನಿಂದ ನಾವು ಬೀಸುವಾಗಿನ ಹಾಡನ್ನು ಅಕ್ಕರೆಯಿಂದ ಸಂಗ್ರಹಿಸಿದ್ದೇವೆ. ಬೀಸದೆ ಇರುವ ದಿನ ಯಾವುದು ಎಂದು ಹಾಡುಗಾರ್ತಿಯನ್ನು ಕೇಳುವುದು ನನಗೆ ಆಗ ಹೊಳೆಯಲಿಲ್ಲ.

ಹನ್ನೆರಡನೆಯ ಶತಮಾನದ ಶರಣರು ದುಡಿಮೆಗೆ ಕೊಟ್ಟ ಘನತೆಯನ್ನು ಈ ಸಂದರ್ಭದಲ್ಲಿ ನೆನೆಯದೆ ಮುಂದುವರಿಯುವಂತಿಲ್ಲ. ಅಂಬಿಗ, ಮಡಿವಾಳ, ಹಡಪದ, ನುಲಿಯ ಎಂಬ ಕಸುಬಿನ ಹೆಸರುಗಳೇ ಅಲ್ಲಿ ಗೌರವದ ಹೆಸರುಗಳಾದವು. ಕಾಯಕದ ಮುಂದೆ ಪೂಜೆಯನ್ನೂ ಬದಿಗಿಡಬಹುದೆಂಬ ನಿಲುವು ಆಯ್ದಕ್ಕಿ ಮಾರಯ್ಯನಲ್ಲಿದೆ. ಆದರೆ ಕಾಯಕ ತತ್ತ್ವವು ಪ್ರಶ್ನಿಸಿದುದು ದುಡಿಮೆಯ ಮೇಲುಕೀಳನ್ನು. ದುಡಿಮೆಯ ಅವಧಿ ಅದರ ಪ್ರಶ್ನೆಯಾಗಿರಲಿಲ್ಲ. ಮಿತಿಯ ಮಾತು ಅಲ್ಲಿ ಬರುವುದು ಬೇರೊಂದು ದಾರಿಯಲ್ಲಿ: ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನಿಗೆ ಅದನ್ನು ಮರಳಿ ಚೆಲ್ಲಿ ಬರುವಂತೆ ಲಕ್ಕಮ್ಮ ಹೇಳಿದ ಪ್ರಸಂಗದಲ್ಲಿ. ಅದು ಗಳಿಕೆಗೆ ಹಾಕಿದ ಮಿತಿ. ಗಡಿಯಾರದ ಮಿತಿ ಹುಟ್ಟುವುದಕ್ಕೆ ಗಿರಣಿ ಬರಬೇಕಾಯಿತು.

3

ಯೂರೋಪಿನಲ್ಲಿ ಮೇ 1 ಮೂಲತಃ ಹಳ್ಳಿಗರ ಹಬ್ಬ. ಊರ ನಡುವೆ ಮರದ ಕಂಬ ನೆಟ್ಟು, ಹೂವು ಹಸುರುಗಳಿಂದ ಸಿಂಗರಿಸಿ, ಅದರ ಸುತ್ತ ಕುಣಿಯುತ್ತಿದ್ದರು. ಈ ಕುಣಿತದಲ್ಲಿ ಅನಾಚಾರವನ್ನು ಕಂಡ ಇಂಗ್ಲೆಂಡಿನ ಪಾರ್ಲಿಮೆಂಟು 1644ರಲ್ಲಿ ಮೇ ಕಂಬಗಳನ್ನು ನಿಷೇಧಿಸಿತು. ಅರಸೊತ್ತಿಗೆ ಮರಳಿದ ಮೇಲೆ ಕಂಬಗಳೂ ಮರಳಿದವು. ಜಾನಪದದ ವಿದ್ಯಾರ್ಥಿಗೆ ಈ ಹಸುರು ಹಬ್ಬದಿಂದಲೇ ಕೆಂಪು ಹಬ್ಬ ಹುಟ್ಟಿತೆಂದು ವಾದಿಸುವ ಆಸೆ ಸಹಜ. ಆದರೆ ಆಧಾರಗಳು ಅದಕ್ಕೆ ಒದಗುವುದಿಲ್ಲ. ಕಾರ್ಮಿಕರ ಮೇ ದಿನಕ್ಕೆ ಹೂಮಾಲೆಯನ್ನು ತೊಡಿಸಿದವರು ವಾಲ್ಟರ್ ಕ್ರೇನ್‌ನಂತಹ ಚಿತ್ರಕಾರರು. ಅದೂ ದಿನ ಹುಟ್ಟಿದ ಅನಂತರ, 1890ರ ದಶಕದಲ್ಲಿ.

ಇದಕ್ಕಿಂತ ನನಗೆ ಹೆಚ್ಚು ಕುತೂಹಲಕರವಾಗಿ ಕಂಡಿರುವುದು ಇಂಗ್ಲೆಂಡಿನ ಕುಶಲಕರ್ಮಿಗಳ ‘ಸಂತ ಸೋಮವಾರ’. ಚರಿತ್ರೆಕಾರ ಇ. ಪಿ. ಥಾಮ್ಸನ್ 1967ರಲ್ಲಿ ಪ್ರಕಟಿಸಿದ, ಕಾಲ ಮತ್ತು ದುಡಿಮೆಯ ಶಿಸ್ತನ್ನು ಕುರಿತ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಚರ್ಚಿಸಿದ್ದಾನೆ. ನೇಕಾರರು, ಚಮ್ಮಾರರು ಮೊದಲಾದವರು ವಾರದ ಕೊನೆಯಲ್ಲಿ ಹಗಲು ರಾತ್ರಿ ದುಡಿದು ಸೋಮವಾರ ಕೆಲಸಕ್ಕೆ ಬರುತ್ತಿರಲಿಲ್ಲ. ಇಲ್ಲದ ಒಬ್ಬ ಸಂತನ ಹೆಸರಿನಲ್ಲಿ ಆ ದಿನವನ್ನು ಪವಿತ್ರ ಎಂದು ಕರೆದು ನಗುತ್ತಿದ್ದರು. ನಮ್ಮ ಸೋಮವಾರಕ್ಕೂ ಅವರ ಸೋಮವಾರಕ್ಕೂ ಯಾವ ಸಂಬಂಧವೂ ಇಲ್ಲ, ವಾರದ ಹೆಸರು ಒಂದಾದುದು ಆಕಸ್ಮಿಕ. ವ್ಯತ್ಯಾಸ ಮಾತ್ರ ಬೋಧಪ್ರದ. ನಮ್ಮಲ್ಲಿ ನಿಜವಾದ ದೇವರು ಎತ್ತಿಗೆ ಬಿಡುವು ಕೊಟ್ಟ. ಅಲ್ಲಿ ಕೆಲಸಗಾರರು ತಮಗೆ ತಾವೇ ಬಿಡುವು ಪಡೆದು ಅದಕ್ಕೊಬ್ಬ ಸುಳ್ಳು ಸಂತನನ್ನು ಕಟ್ಟಿದರು.

ಯಂತ್ರ ಬಂದ ಮೇಲೆ ಈ ಸ್ವಾತಂತ್ರ್ಯ ಉಳಿಯಲಿಲ್ಲ. ಎತ್ತು ದಣಿಯುತ್ತದೆ, ಉಗಿಯಂತ್ರ ದಣಿಯುವುದಿಲ್ಲ. ಆದುದರಿಂದ ದಣಿಯುವವನು ತನ್ನ ದಣಿವಿನ ಲೆಕ್ಕವನ್ನು ತಾನೇ ಮುಂದಿಡಬೇಕಾಯಿತು. 1856ರ ಏಪ್ರಿಲ್ 21ರಂದು ಮೆಲ್ಬೋರ್ನಿನ ಕಲ್ಲುಕುಟಿಗರು ಎಂಟು ಗಂಟೆಯ ದುಡಿಮೆಗಾಗಿ ಕೆಲಸ ಬಿಟ್ಟು ಮೆರವಣಿಗೆ ಹೊರಟರು. ಅಮೆರಿಕದ ಕಾರ್ಮಿಕ ಸಂಘಟನೆಗಳ ಒಕ್ಕೂಟವು 1886ರ ಮೇ 1ರಿಂದ ಎಂಟು ಗಂಟೆಯೇ ಒಂದು ದಿನದ ದುಡಿಮೆಯೆಂದು 1884ರಲ್ಲಿಯೇ ಠರಾವು ಮಾಡಿತ್ತು. ಅಲ್ಲಿನ ನಗರಗಳಲ್ಲಿ ಮೇ 1 ಮನೆಬಾಡಿಗೆಯ ಕರಾರುಗಳು ಹೊಸದಾಗುವ ದಿನವೂ ಆಗಿತ್ತು ಎಂಬುದು ಯುಗಾದಿಯ ಕರಾರನ್ನು ಬಲ್ಲ ನಮಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಮುಂದಿನದು ಪರಿಚಿತ ಕಥನ. 1886ರ ಮೇ 1ರಂದು ಮುಷ್ಕರ ಆರಂಭವಾಯಿತು. ಮೇ 3ರಂದು ಚಿಕಾಗೋದ ಮೆಕಾರ್ಮಿಕ್ ಕಾರ್ಖಾನೆಯ ಬಳಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಮರುದಿನ ಹೇಮಾರ್ಕೆಟ್‌ನಲ್ಲಿ ನಡೆದ ಪ್ರತಿಭಟನಾ ಸಭೆ ಮುಗಿಯುವ ಹೊತ್ತಿಗೆ ಯಾರೋ ಬಾಂಬ್ ಎಸೆದರು. ಎಸೆದವರು ಯಾರೆಂಬುದು ಕೊನೆಗೂ ಸಿದ್ಧವಾಗಲಿಲ್ಲ. ಆದರೂ ಎಂಟು ಮಂದಿಯ ವಿಚಾರಣೆ ನಡೆದು, ಪಾರ್ಸನ್ಸ್, ಸ್ಪೀಸ್, ಫಿಷರ್, ಎಂಗೆಲ್ ಎಂಬ ನಾಲ್ವರನ್ನು 1887ರ ನವೆಂಬರ್ 11ರಂದು ಗಲ್ಲಿಗೇರಿಸಲಾಯಿತು. ಬದುಕುಳಿದ ಮೂವರನ್ನು 1893ರಲ್ಲಿ ಕ್ಷಮಿಸಿ ಬಿಡುಗಡೆ ಮಾಡಿದ ಗವರ್ನರ್ ಆಲ್ಟ್‌ಗೆಲ್ಡ್ ಆ ವಿಚಾರಣೆಯೇ ಅನ್ಯಾಯದ್ದೆಂದು ಬರೆದ. 1889ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮಾವೇಶವು, ಅಮೆರಿಕದವರು ಆಗಲೇ ಗೊತ್ತುಮಾಡಿದ್ದ 1890ರ ಮೇ 1ನ್ನೇ ಎಲ್ಲ ದೇಶಗಳಲ್ಲಿಯೂ ಎಂಟು ಗಂಟೆಯ ಬೇಡಿಕೆಯ ದಿನವನ್ನಾಗಿ ಆಚರಿಸಬೇಕೆಂದು ಕರೆಕೊಟ್ಟಿತು. ರಜೆ ಕೊಡಿ ಎಂದು ಯಾರನ್ನೂ ಬೇಡಿದ ಠರಾವು ಅದಲ್ಲ. ಕೆಲಸದ ದಿನದಂದು ಕೆಲಸಕ್ಕೆ ಹೋಗದಿರುವುದು, ಅದಕ್ಕಾಗಿ ಸಂಬಳವನ್ನೂ ಕೆಲವೊಮ್ಮೆ ಕೆಲಸವನ್ನೂ ಕಳೆದುಕೊಳ್ಳುವುದು, ಮೊದಲ ಮೇ ದಿನಗಳ ಆಚರಣಾವಿಧಿಯೇ ಇದಾಗಿತ್ತು.

ಅದೇ 1890ರ ಬೇಸಗೆಯಲ್ಲಿ ಮುಂಬಯಿಯಲ್ಲಿ ಬೇರೊಂದು ಘಟನೆ ನಡೆಯಿತು. ಜೋತಿಬಾ ಫುಲೆಯವರ ಸತ್ಯಶೋಧಕ ಪರಂಪರೆಯಲ್ಲಿ ಬಂದ, ‘ದೀನಬಂಧು’ ಪತ್ರಿಕೆಯ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ಗಿರಣಿ ಕಾರ್ಮಿಕರಿಗೆ ವಾರದ ರಜೆ ಬೇಕೆಂದು ಒತ್ತಾಯಿಸುತ್ತ ಬಂದಿದ್ದರು. 1890ರ ಏಪ್ರಿಲ್ 24ರ ಸಭೆಯಲ್ಲಿ ಸಾವಿರಾರು ಕಾರ್ಮಿಕರು ನೆರೆದರು. ಅಲ್ಲಿ ಹೆಂಗಸರೂ ಎದ್ದು ನಿಂತು ಮಾತನಾಡಿದರು. ಜೂನ್ 10ರಂದು ಗಿರಣಿ ಮಾಲಿಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನು ಕಾನೂನಾಗಿಸಿತು. ಭಾನುವಾರ ಆಳುವವರ ಪ್ರಾರ್ಥನೆಯ ದಿನ ಎಂಬುದು ನಿಜ. ಆದರೆ ಅದು ಜೇಜುರಿಯ ಖಂಡೋಬನ ವಾರವೂ ಹೌದು, ಈ ವಾದವನ್ನು ಲೋಖಂಡೆಯವರು ಬಳಸಿಕೊಂಡರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಖಂಡೋಬನೆಂದರೆ ನಮ್ಮ ಮೈಲಾರಲಿಂಗ. ಹೂವಿನಹಡಗಲಿಯ ಮೈಲಾರದಲ್ಲಿ, ರಾಣೆಬೆನ್ನೂರಿನ ದೇವರಗುಡ್ಡದಲ್ಲಿ, ಬೀದರಿನ ಬಳಿಯ ಆದಿಮೈಲಾರದಲ್ಲಿ ಭಾನುವಾರ ಭಂಡಾರ ಹಾರುವುದನ್ನು ಕಂಡವರಿಗೆ ಈ ವಾದದ ಬಲ ಅರ್ಥವಾಗುತ್ತದೆ. ಎತ್ತಿಗೆ ಶಿವನ ಸೋಮವಾರ ಇದ್ದಂತೆ ಗಿರಣಿಯಾಳಿಗೆ ಮೈಲಾರನ ಭಾನುವಾರ. ಒಂದು ವ್ಯತ್ಯಾಸವಿದೆ: ಈ ಸಲ ದೇವರ ಹೆಸರನ್ನು ಹಿಡಿದವನು ದುಡಿಯುವವನೇ.

4

ಭಾರತದಲ್ಲಿ ಮೇ ದಿನದ ಮೊದಲ ಆಚರಣೆ ನಡೆದದ್ದು 1923ರಲ್ಲಿ, ಮದರಾಸಿನಲ್ಲಿ. ಸಿಂಗಾರವೇಲು ಚೆಟ್ಟಿಯಾರರು ಅಂದು ಸಮುದ್ರತೀರದಲ್ಲಿ ಎರಡು ಸಭೆಗಳನ್ನು ಏರ್ಪಡಿಸಿ ಕೆಂಬಾವುಟ ಹಾರಿಸಿದರು. ಆ ಸಂದರ್ಭದಲ್ಲಿ ಸ್ಥಾಪಿಸಿದ ಪಕ್ಷದ ಹೆಸರಿನಲ್ಲಿ ಕಾರ್ಮಿಕನ ಜೊತೆಗೆ ಕಿಸಾನನನ್ನೂ ಸೇರಿಸಿದರು. ಹೆಸರಿನಲ್ಲಿ ಕೂಡಿದ ಈ ಇಬ್ಬರು ಮುಂದಿನ ದಿನಗಳಲ್ಲಿ ರಜೆಯ ಕಾನೂನಿನಲ್ಲಿ ಬೇರೆಬೇರೆಯಾದರು.

ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಚಳವಳಿಗೆ ಎರಡು ನೆಲೆಗಳಿದ್ದವು: ಬೆಂಗಳೂರಿನ ಬಟ್ಟೆ ಗಿರಣಿಗಳು ಮತ್ತು ಕೋಲಾರದ ಚಿನ್ನದ ಗಣಿಗಳು. 1930ರಲ್ಲಿ ಗಣಿಯ ಕಾರ್ಮಿಕರು ಬೆರಳಚ್ಚು ಪಡೆಯುವ ಹೊಸ ನೋಂದಣಿ ಕ್ರಮವನ್ನು ವಿರೋಧಿಸಿ ಕೆಲಸ ನಿಲ್ಲಿಸಿದರು. 1946ರ ನವೆಂಬರ್‌ನಲ್ಲಿ ಅಲ್ಲಿ ಗೋಲಿಬಾರು ನಡೆದು ಕಾರ್ಮಿಕರು ಮಡಿದರು. ಅವರ ನೆನಪಿನ ದಿನ ಕೆಜಿಎಫ್‌ನಲ್ಲಿ ಸ್ಥಳೀಯವಾದ ಇನ್ನೊಂದು ಕಾರ್ಮಿಕ ದಿನವಾಯಿತು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು.

ಶಾಸನದ ಹಾದಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಡಾ. ಬಿ. ಆರ್. ಅಂಬೇಡ್ಕರ್ ಅವರು ವೈಸರಾಯ್ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ 1942-46ರ ಅವಧಿಯ ಪ್ರಯತ್ನಗಳ ಫಲವಾಗಿ ವಾರದ ದುಡಿಮೆ 54 ಗಂಟೆಯಿಂದ 48 ಗಂಟೆಗೆ ಇಳಿಯಿತು. 1948ರ ಕಾರ್ಖಾನೆ ಕಾಯ್ದೆ ಇದನ್ನು ಸ್ಥಿರಪಡಿಸಿತು. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳನ್ನು ಕುರಿತ ನಮ್ಮ ರಾಜ್ಯದ 1963ರ ಕಾಯ್ದೆಯು, ತಿದ್ದುಪಡಿಗಳ ತರುವಾಯದ ರೂಪದಲ್ಲಿ, ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1ನ್ನು ಕೈಗಾರಿಕಾ ಸಂಸ್ಥೆಗಳಲ್ಲಿ ಕಡ್ಡಾಯ ರಜೆಯೆಂದು ಹೆಸರಿಸುತ್ತದೆ. ಇನ್ನುಳಿದ ಹಬ್ಬದ ರಜೆಗಳನ್ನು ಮಾಲಿಕರು ಮತ್ತು ನೌಕರರೊಂದಿಗೆ ಸಮಾಲೋಚಿಸಿ ಗೊತ್ತುಪಡಿಸಬೇಕು. ಈ ಪಟ್ಟಿಯಲ್ಲಿ ಮೇ 1ರ ಪಕ್ಕದಲ್ಲಿರುವ ನಾಲ್ಕು ದಿನಗಳು ರಾಷ್ಟ್ರ ಮತ್ತು ರಾಜ್ಯದ ದಿನಗಳು ಎಂಬುದನ್ನು ಗಮನಿಸಬೇಕು. ಮುಷ್ಕರದ ದಿನವು ರಾಷ್ಟ್ರೀಯ ದಿನಗಳ ಸಾಲಿನಲ್ಲಿ ಬಂದು ಕುಳಿತಿತು.

ಇದು ಗೆಲುವು ಹೌದು. ಆದರೆ ಕಸಿದುಕೊಂಡ ದಿನ ಕೊಟ್ಟ ದಿನವಾದಾಗ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ನಿದರ್ಶನಗಳು ಬೇಕಾದಷ್ಟಿವೆ. ಅಮೆರಿಕದ ಅಧ್ಯಕ್ಷ ಕ್ಲೀವ್‌ಲ್ಯಾಂಡ್ 1894ರಲ್ಲಿ ಕಾರ್ಮಿಕ ದಿನಕ್ಕೆ ಸರಕಾರಿ ರಜೆ ನೀಡಿದ. ಆದರೆ ಅದು ಸೆಪ್ಟೆಂಬರಿನ ಮೊದಲ ಸೋಮವಾರ, ಚಿಕಾಗೋದ ನೆನಪು ತಟ್ಟದಷ್ಟು ದೂರದಲ್ಲಿ. ಜರ್ಮನಿಯ ಕಾರ್ಮಿಕರು ದಶಕಗಳಿಂದ ಬಯಸಿದ್ದ ಸಂಬಳಸಹಿತ ಮೇ ದಿನದ ರಜೆಯನ್ನು 1933ರಲ್ಲಿ ನಾಜಿ ಸರಕಾರ ದಯಪಾಲಿಸಿತು. ಮರುದಿನ, ಮೇ 2ರಂದು, ಕಾರ್ಮಿಕ ಸಂಘಗಳ ಕಚೇರಿಗಳನ್ನು ವಶಪಡಿಸಿಕೊಂಡಿತು. 1955ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅದೇ ದಿನವನ್ನು ಬಡಗಿಯಾದ ಸಂತ ಜೋಸೆಫನ ಹಬ್ಬವೆಂದು ಘೋಷಿಸಿದರು. ಇಂಗ್ಲೆಂಡಿನ ಕೆಲಸಗಾರರು ಸೋಮವಾರಕ್ಕೆ ಇಲ್ಲದ ಸಂತನನ್ನು ಕಲ್ಪಿಸಿಕೊಂಡಿದ್ದರು. ಮೇ 1ಕ್ಕೆ ಇದ್ದ ಸಂತನೇ ಬಂದ.

ನಮ್ಮಲ್ಲಿ ಈ ರೂಪಾಂತರ ಇಷ್ಟು ನಾಟಕೀಯವಾಗಿ ನಡೆದಿಲ್ಲ. ಇಲ್ಲಿ ಮೇ ದಿನ ಎದುರಿಸಬೇಕಾದುದು ಆಯುಧಪೂಜೆಯನ್ನು. ಬೆಂಗಳೂರಿನ ದೊಡ್ಡ ಸಾರ್ವಜನಿಕ ಉದ್ಯಮಗಳ ಕಾಲದಲ್ಲಿ ಆಯುಧಪೂಜೆಯೇ ಕಾರ್ಖಾನೆಯ ನಿಜವಾದ ಹಬ್ಬವಾಗಿತ್ತು. ಲೇತು, ಪ್ರೆಸ್ಸುಗಳನ್ನು ತೊಳೆದು, ಬಾಳೆಕಂಬ ಮಾವಿನೆಲೆ ಕಟ್ಟಿ, ಬೂದುಗುಂಬಳ ಒಡೆದು, ಪುರಿ ಕಡಲೆ ಸಿಹಿ ಹಂಚುತ್ತಿದ್ದರು. ವರ್ಷದ ಉಳಿದ ದಿನ ಗುರುತಿನ ಚೀಟಿಯಿಲ್ಲದೆ ಯಾರನ್ನೂ ಬಿಡದ ದ್ವಾರದಲ್ಲಿ ಅಂದು ಹಲವೆಡೆ ಹೆಂಡತಿ ಮಕ್ಕಳಿಗೂ ಪ್ರವೇಶವಿರುತ್ತಿತ್ತು. ಅಪ್ಪ ನಿಲ್ಲುವ ಯಂತ್ರವನ್ನು ಮಗು ಮುಟ್ಟಿ ನೋಡುತ್ತಿತ್ತು. ಅಧಿಕಾರಿಯೂ ಕಾರ್ಮಿಕನೂ ಒಂದೇ ತಟ್ಟೆಯ ಪ್ರಸಾದ ತೆಗೆದುಕೊಳ್ಳುತ್ತಿದ್ದರು. ಮೇ 1ರಂದು ಅದೇ ದ್ವಾರ ಮುಚ್ಚಿರುತ್ತದೆ, ಸಂಘದ ಬಾವುಟ ಹೊರಗೆ ಏರುತ್ತದೆ. ಒಂದು ಹಬ್ಬ ಯಂತ್ರದ ಸುತ್ತ ಎಲ್ಲರನ್ನೂ ಒಳಗೊಳ್ಳುತ್ತದೆ. ಇನ್ನೊಂದು ಹಬ್ಬ ಯಂತ್ರದಿಂದ ಕಾರ್ಮಿಕನನ್ನು ಬೇರ್ಪಡಿಸಿ ಬೀದಿಯಲ್ಲಿ ನಿಲ್ಲಿಸಿ ಇವನು ಯಾರೆಂದು ಕೇಳುತ್ತದೆ. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ 77 ದಿನ ನಡೆದ ಸಾರ್ವಜನಿಕ ಉದ್ಯಮಗಳ ಮುಷ್ಕರದಲ್ಲಿ ಭಾಗವಹಿಸಿದ ಲಕ್ಷಕ್ಕೂ ಮಿಕ್ಕ ಕಾರ್ಮಿಕರು ಈ ಎರಡೂ ಹಬ್ಬಗಳನ್ನು ಮಾಡುತ್ತಿದ್ದವರೇ. ಆದುದರಿಂದ ಒಂದನ್ನು ಸಂಪ್ರದಾಯ, ಇನ್ನೊಂದನ್ನು ಪ್ರಜ್ಞೆ ಎಂದು ವಿಂಗಡಿಸುವ ಪರಿಪಾಠವನ್ನು ನಾನು ಒಪ್ಪಲಾರೆ. ಆದರೂ ಆಯುಧಪೂಜೆಯ ಮಾದರಿ ನಿಧಾನವಾಗಿ ಮೇ ದಿನದ ಮೇಲೂ ಹಬ್ಬಿದೆ ಎನ್ನದೆ ವಿಧಿಯಿಲ್ಲ. ಈಚೆಗೆ ಮೇ 1ರಂದು ಕಾಣುವ ಸನ್ಮಾನ, ಶಾಲು, ಹಾರ, ಹಣ್ಣಿನ ಬುಟ್ಟಿಗಳಲ್ಲಿ ಕಾರ್ಮಿಕನು ಪೂಜೆಗೊಳ್ಳುವ ಉಪಕರಣದ ಸ್ಥಾನಕ್ಕೆ ಬಂದು ಕುಳಿತಿರುವಂತೆ ನನಗೆ ತೋರುತ್ತದೆ.

5

ರಜೆಯ ಕಾನೂನು ತಲುಪದವರ ಮಾತು ಉಳಿದಿದೆ. 1963ರ ಕಾಯ್ದೆ ಕೈಗಾರಿಕಾ ಸಂಸ್ಥೆಗಳನ್ನು ಕುರಿತದ್ದು. ಹೊಲದ ಕೂಲಿಯವರು ಅದರ ವ್ಯಾಪ್ತಿಯಲ್ಲಿಲ್ಲ. ದಿನಗೂಲಿಗೆ ದುಡಿಯುವವರ ಮಟ್ಟಿಗೆ ರಜೆ ಎಂದರೆ ಆ ದಿನದ ಕೂಲಿ ಇಲ್ಲ ಎಂದೇ ಅರ್ಥ. ಹಳ್ಳಿಗಳಲ್ಲಿ ಅವರಿಗೆ ಸಿಗುವ ವಾರದ ಬಿಡುವು ಸಂತೆಯ ದಿನ. ವಾರದ ಬಟವಾಡೆ ಪಡೆದು ಸಂತೆಗೆ ಹೋಗಿ ಉಪ್ಪು ಮೆಣಸಿನಕಾಯಿ ತರುವ ದಿನ ಅದು. ಅದನ್ನೂ ಬಿಡುವು ಎಂದು ಕರೆಯುವುದಾದರೆ. ಸೋಮವಾರ, ಅಮಾವಾಸ್ಯೆ, ಸಂತೆ ಈ ಹಳೆಯ ಪಂಚಾಂಗದಲ್ಲಿಯೇ ಅವರ ದಿನಗಳು ಸಾಗಿವೆ.

ಮುಂಗಾರಿಗೆ ಮೊದಲು ಬರುವ ಮೇ ತಿಂಗಳಲ್ಲಿ ಹೊಲದಲ್ಲಿ ಕೆಲಸ ಕಡಿಮೆ. ಆ ದಿನಗಳಲ್ಲಿ ಹಳ್ಳಿಯ ದೊಡ್ಡ ಭಾಗ ಗುಳೆ ಹೊರಟು ನಗರದ ಕಟ್ಟಡಗಳಲ್ಲಿರುತ್ತದೆ. 2025ರಲ್ಲಿ ಬಸವ ಜಯಂತಿ ಏಪ್ರಿಲ್ 30ರಂದು ಬಂದಿತು. ಮರುದಿನವೇ ಮೇ 1. ಬಸವ ಜಯಂತಿಯಂದು ಊರುಗಳಲ್ಲಿ ಎತ್ತುಗಳನ್ನು ಸಿಂಗರಿಸಿ ಮೆರೆಸುವುದುಂಟು, ಕಾಯಕ ಕುರಿತ ಭಾಷಣಗಳೂ ಉಂಟು. ಎತ್ತಿನ ದಿನ, ಕಾಯಕದ ದಿನ, ಕಾರ್ಮಿಕನ ದಿನ ಒಂದೇ ಎಡೆಯಲ್ಲಿ ಕೂಡಿದ್ದ ಆ ನಲವತ್ತೆಂಟು ಗಂಟೆಗಳನ್ನು ಯಾರಾದರೂ ಜಾನಪದ ವಿದ್ಯಾರ್ಥಿ ಒಂದು ಊರಿನಲ್ಲಿ ಕುಳಿತು ದಾಖಲಿಸಿದ್ದರೆ ಒಳ್ಳೆಯ ಅಧ್ಯಯನವಾಗುತ್ತಿತ್ತು.

ಬೀಸುವ ಕಲ್ಲಿನ ಮುಂದೆ ಕುಳಿತಿದ್ದ ತಾಯಂದಿರ ಎಷ್ಟೋ ಮೊಮ್ಮಕ್ಕಳು ಈಗ ಬೆಂಗಳೂರು, ಮಂಡ್ಯ, ರಾಮನಗರ ಕಡೆಯ ಸಿದ್ಧಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾರೆ. ಹಾಡು ನಿಂತಿದೆ, ಗಂಟೆಗೆ ಇಷ್ಟು ತುಂಡು ಎಂಬ ಲೆಕ್ಕದಲ್ಲಿ ಹಾಡಿಗೆ ಎಡೆಯಿಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ಭವಿಷ್ಯನಿಧಿ ಹಿಂಪಡೆಯುವ ನಿಯಮದ ಬದಲಾವಣೆಯನ್ನು ವಿರೋಧಿಸಿ ಇವರು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. ಕೇಂದ್ರ ಸರಕಾರ ಆ ಬದಲಾವಣೆಯನ್ನು ಹಿಂತೆಗೆದುಕೊಂಡಿತು. ಮೇ ದಿನಕ್ಕೆ ಆಗ ಇನ್ನೂ ಹನ್ನೆರಡು ದಿನವಿತ್ತು. ಯಾವ ಪಂಚಾಂಗದಲ್ಲಿಯೂ ಇಲ್ಲದ, ಯಾವ ಪಟ್ಟಿಯಲ್ಲಿಯೂ ಸೇರದ ಆ ಎರಡು ದಿನಗಳೇ 1886ರ ಮೇ 1ಕ್ಕೆ ಹೆಚ್ಚು ಹತ್ತಿರದವು ಎಂಬುದು ನನ್ನ ಅಭಿಪ್ರಾಯ. 2023ರಲ್ಲಿ ನಮ್ಮ ರಾಜ್ಯವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ ದಿನವೊಂದಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕಲ್ಪಿಸಿತು. ಮೆಲ್ಬೋರ್ನಿನ ಕಲ್ಲುಕುಟಿಗರು ಕೇಳಿದ್ದು ವಾರದ ಲೆಕ್ಕವನ್ನಲ್ಲ, ದಿನದ ಲೆಕ್ಕವನ್ನು. ಹನ್ನೆರಡು ಗಂಟೆ ದುಡಿದು ಬಂದ ಹೆಣ್ಣುಮಗಳ ಮನೆಯ ಒಲೆ ವಾರದ ಸರಾಸರಿಯ ಮೇಲೆ ಉರಿಯುವುದಿಲ್ಲ.

ನಮ್ಮ ಊರಿನಲ್ಲಿ ಈಗ ಎತ್ತುಗಳು ಬೆರಳೆಣಿಕೆಯಷ್ಟಿವೆ. ಕಾರಹುಣ್ಣಿಮೆಗೆ ಕರಿ ಹರಿಯಲು ಪಕ್ಕದ ಊರಿನಿಂದ ಜೋಡಿ ತರಬೇಕಾಗುತ್ತದೆ. ಉಳುಮೆ ಬಾಡಿಗೆ ಟ್ರ್ಯಾಕ್ಟರಿನದು, ಅದಕ್ಕೆ ಗಂಟೆಯ ಲೆಕ್ಕದಲ್ಲಿ ದರ. ಆಯುಧಪೂಜೆಯಂದು ಅದಕ್ಕೂ ಬಾಳೆಕಂಬ ಕಟ್ಟಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ಚಲಿಸುತ್ತಾರೆ. ಆದರೆ ಟ್ರ್ಯಾಕ್ಟರು ಬಸವಣ್ಣನಲ್ಲವಾದ್ದರಿಂದ ಅದಕ್ಕೆ ಸೋಮವಾರವಿಲ್ಲ. ಹದವಿರುವ ದಿನಗಳಲ್ಲಿ ರಾತ್ರಿಯೂ ದೀಪ ಹಚ್ಚಿಕೊಂಡು ಹೊಲದಲ್ಲಿ ತಿರುಗುತ್ತದೆ. ಅದನ್ನು ನಡೆಸುವ ಹುಡುಗನು ಮಾಲಿಕನಲ್ಲ, ಸಂಬಳದವನು. ಸೋಮವಾರ ಕಟ್ಟುತ್ತಿರಲಿಲ್ಲ ಎಂಬ ಹಳೆಯ ಮಾತನ್ನು ನಾನು ಅವನಿಗೆ ಹೇಳಿದಾಗ ಅವನು ಅದು ತನ್ನ ಅಜ್ಜನಿಗಿದ್ದ ರಜೆಯೆಂದು ಭಾವಿಸಿದ್ದ.